ಸುನೀಲ್‌ಕುಮಾರನ ವೈರ್‌ಲೆಸ್ಸು

ಹೆದರುವವರ ಮೇಲೆ ಕಪ್ಪೆ ಎಸೆದ ಹಾಗೆ ಅನ್ನುತ್ತಾರಲ್ಲ, ನಮ್ಮ ಸುನೀಲ್‌ಕುಮಾರನ ಮೇಲೆ ದೇವರು ಹುಟ್ಟಿದಾಗಿನಿಂದ ಕಪ್ಪೆ ಎಸೆಯುತ್ತಲೇ ಇದ್ದಾನೆ. ಬಸ್ಸಿನಲ್ಲಿ ‘ಇಲ್ಲಿ ನಿಲ್ಸಿ’ ಅನ್ನಲು ಹೆದರಿ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ನಡೆದುಬರುವ ಪ್ರಾಣಿ ಅದು. ವಿದುರಾಶ್ವತ್ಥದ ಕಡೆಯವನು. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಅವನದು, ಪಕ್ಕದ ಲೈಬ್ರರಿ ನನ್ನದು. ಅವನದು ತಾತ್ಕಾಲಿಕ ನೌಕರಿ. ಮನೆಯಲ್ಲಿ ಹೆಂಡತಿ ಶೋಭಾರಾಣಿ ತುಂಬು ಬಸುರಿ.

2008ರ ಆಯುಧಪೂಜೆ. ಕಾಲೇಜಿನ ಕಾರ್ಯದರ್ಶಿ ರಾಮಾಂಜಿನಪ್ಪನವರು ಎಂದಿನಂತೆ ತಾವೇ ತಟ್ಟೆ ಹಿಡಿದು ಜನರೇಟರಿನಿಂದ ಹಿಡಿದು ಘಂಟೆಯವರೆಗೆ ಎಲ್ಲಕ್ಕೂ ಗಂಧ ಕುಂಕುಮ ಇಟ್ಟರು. ಲ್ಯಾಬಿನ ಹೊಸ ಲ್ಯಾಪ್‌ಟಾಪಿಗಂತೂ ಮುಚ್ಚಳಕ್ಕೆ, ಮುಂದಿನ ಅಂಚಿಗೆ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಇಟ್ಟರು.

ರಜೆ ಮುಗಿದ ಮೇಲೆ ನೋಡಿದರೆ ಲ್ಯಾಪ್‌ಟಾಪಿನ ತುಂಬ ವೈರಸ್ಸು. ಸುನೀಲ ವಿಂಡೋಸ್ ಅಳಿಸಿ, ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿದ. ಎಲ್ಲ ಸರಿಯಾಯಿತು, ವೈರ್‌ಲೆಸ್ಸೊಂದು ಬಿಟ್ಟು. ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ ಇದು ರಾಮಾಂಜಿನಪ್ಪನವರ ಕಿವಿಗೆ ಬಿತ್ತು.

“ಏಮಯ್ಯಾ, ಚೆನ್ನಾಗಿದ್ದಿದ್ದನ್ನ ಅಳಿಸಿ, ಬಿಟ್ಟಿ ಸಿಕ್ತು ಅಂತ ಇದನ್ನ ಹಾಕಿದ್ಯಾ? ಲೈಬ್ರರೀಲಿ ವೈರಿಲ್ದೆ ಇಂಟರ್‌ನೆಟ್ ತೋರಿಸ್ತೀವಿ ಅಂತ ಸಮಿತಿಗೆ ಬರೆದಿದ್ದೀನಿ. ನಾಳೆ ಬರ್ಲಿಲ್ಲ ಅಂದ್ರೆ, ನಾಡಿದ್ದಿನಿಂದ ನೀನೂ ಬರಬೇಡ!”

ಸುನೀಲ ನೇರ ನನ್ನ ಮೇಜಿಗೆ ಬಂದು ಕೂತ.

“ಅಕ್ಕಾ, ಒಳಗಿರೋ ವೈರ್‌ಲೆಸ್ ಕಾರ್ಡು ಲಿನಕ್ಸ್ ಮಾತು ಕೇಳಲ್ಲ. ಕೇಳೋಕೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು. ಲ್ಯಾಬಿನ ಬೇರೆ ಕಂಪ್ಯೂಟರ್ಗೆ ಇಂಟರ್‌ನೆಟ್ ಇಲ್ಲ. ಇದಕ್ಕೆ ಡ್ರೈವರ್ ಇಳಿಸ್ಕೊಳ್ಳೋಕೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು.”

“ಹುಚ್ಚು ಬಿಡೋ ತನಕ ಮದ್ವೆ ಆಗಲ್ಲ, ಮದ್ವೆ ಆಗೋ ತನಕ ಹುಚ್ಚು ಬಿಡಲ್ಲ ಅಂದಂಗಾಯ್ತು. ಬಸ್ ಸ್ಟ್ಯಾಂಡ್ ಹತ್ರ ಸೈಬರ್ ಸೆಂಟರ್ ಇಲ್ವೇನೋ? ಹೋಗಿ ತಗೊಂಡ್ಬಾ!”

ಪೆನ್‌ಡ್ರೈವಿನಲ್ಲಿ ತಂದ. ಹಾಕಿದ, ಕಿತ್ತ, ಬೇರೆ ತಂದ, ಮತ್ತೆ ಹಾಕಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿ ಓಡಿ, ಕಾರ್ಡು ಸಿಕ್ಕಿದೆ, ಡ್ರೈವರ್ ಕೂತಿದೆ, ಆದರೆ ಸಿಗ್ನಲ್ಲು ಹಿಡಿಯುವ ರೇಡಿಯೊ ಆಫ್ ಆಗಿದೆ ಎಂದೇ ಪ್ರತಿಸಲವೂ ನಿಲ್ಲುತ್ತಿದ್ದವು. ಅದೂ ಡ್ರೈವರಿನದೇ ತಪ್ಪೆಂದು ಇವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನನಗೂ ಭಯವಾಗತೊಡಗಿತು. ಬಸುರಿ ಹೆಂಡತಿಯನ್ನು ಕಟ್ಟಿಕೊಂಡು ಇವನು ಎಲ್ಲಿಗೆ ಹೋಗುತ್ತಾನೆ?

ಮಾರನೆಯ ದಿನ ಸಮಿತಿಯವರು ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವಸರದಲ್ಲಿ ಎತ್ತಿಕೊಳ್ಳುವಾಗ ಸುನೀಲನ ಕೈಯಿಂದ ಲ್ಯಾಪ್‌ಟಾಪು ಜಾರಿತು. ಗಬಕ್ಕನೆ ಹಿಡಿದುಕೊಂಡವನು ಅದರ ಅಂಚನ್ನೇ ನೋಡುತ್ತ ನಿಂತುಬಿಟ್ಟ.

“ಅಕ್ಕಾ, ಕುಂಕುಮದ ಕೆಳಗೆ ಏನೋ ಇದೆ. ವೈರ್‌ಲೆಸ್ ಸ್ವಿಚ್ಚು! ಕುಂಕುಮ ಒತ್ತಿದಾಗ ಸರಿದು ಆಫ್ ಆಗಿ, ಗಂಧ ಒಣಗಿ ಹಂಗೇ ಅಂಟ್ಕೊಂಡಿದೆ.”

“ಕೆರಿಯೋ ಮತ್ತೆ!”

“ಸಾರ್ ಇಟ್ಟಿರೋ ಪೂಜೆ ಕುಂಕುಮ ಅಕ್ಕಾ. ಹೆಂಗೆ ಕೆರೀಲಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಬಾಗಿಲಲ್ಲಿ ರಾಮಾಂಜಿನಪ್ಪನವರು.

“ಬರ್ತಾ ಇದ್ದಾರೆ. ಆಯ್ತಾ?”

ಸುನೀಲ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. ಆಯ್ತು ಸಾರ್ ಅಂದು ಎಲ್ಲಿ ಓಡಿಹೋಗುತ್ತಾನೋ ಎಂದುಕೊಂಡೆ.

“ಇಲ್ಲ ಸಾರ್. ನೀವಿಟ್ಟ ಕುಂಕುಮ... ಸ್ವಿಚ್ಚಿಗೆ ಅಂಟ್ಕೊಂಡಿದೆ. ಕೆರೀಬೇಕು ಸಾರ್. ನಾನೂ ನೋಡ್ಲಿಲ್ಲ. ಡ್ರೈವರ್ದೇ ತಪ್ಪು ಅನ್ಕೊಂಡೆ.”

ಕಾರ್ಯದರ್ಶಿಗಳು ಬಗ್ಗಿ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಹೊರಗೆ ಸಮಿತಿಯವರ ಚಪ್ಪಲಿ ಸದ್ದು. ನಾನು ಸೆರಗಿನ ಪಿನ್ನು ಬಿಚ್ಚಿ ಕೊಟ್ಟೆ. ಸುನೀಲ ಲ್ಯಾಪ್‌ಟಾಪಿಗೊಮ್ಮೆ ಕೈಮುಗಿದು ಕೆರೆದ, ಸ್ವಿಚ್ಚು ಸರಿಸಿದ. ನೀಲಿ ದೀಪ ಹತ್ತಿತು. ಅಬ್ಬಾ, ನನಗೆ ಅಳುವೇ ಬಂತು.

ಕಾರ್ಯದರ್ಶಿಗಳು ಬರಬೇಡ ಅಂದಿದ್ದ ಆ ನಾಡಿದ್ದೂ ಅವನು ಕೆಲಸಕ್ಕೆ ಬಂದ. ಕಾರ್ಯದರ್ಶಿಗಳು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಬಸ್ಸಿನಲ್ಲಿ ಅವನು ಈಗಲೂ ಮುಂದಿನ ಸ್ಟಾಪಿನಲ್ಲೇ ಇಳಿಯುವುದು.

ಮುಂದಿನ ವರ್ಷದ ಆಯುಧಪೂಜೆ. ಹೆಬ್ಬೆರಳಿಗೆ ಗಂಧ ಹಚ್ಚಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಂದ ರಾಮಾಂಜಿನಪ್ಪನವರು ಅಲ್ಲೇ ನಿಂತು, ಮಗು ಎತ್ತಿಕೊಂಡು ಮೂಲೆಯಲ್ಲಿದ್ದ ಸುನೀಲನ ಕಡೆ ತಿರುಗಿದರು.

“ಎಲ್ಲಿಡ್ಲಪ್ಪಾ?”