ನಗು ಇಲ್ಲದ ಮದುವೆ ಫೋಟೋಗಳು

ಕುಶಾಲನಗರದ ಸುತ್ತಮುತ್ತ ಹಾಸನದ ಕಡೆಯಿಂದ ಬಂದು ನೆಲೆಯಾದ ಮನೆಗಳು ಬೇಕಾದಷ್ಟಿವೆ. ಅಂಥದೊಂದು ಮನೆಯ ನಂದೀಶನ ಸಂಗತಿ ಇದು, ಕೇಳಿ. ಅಪ್ಪ ಕೆಂಪಣ್ಣನ ಜೊತೆ ಹೊಲ ನೋಡಿಕೊಂಡು, ಬಾಡಿಗೆಗೆ ಪಿಕಪ್ ಓಡಿಸಿಕೊಂಡು ಇದ್ದವನು. ಹೆಂಡತಿ ತೇಜಸ್ವಿನಿ ಕೆನಡಾದಲ್ಲಿ ನರ್ಸ್. ರಜೆಗೆ ಬಂದು ಮದುವೆಯಾಗಿ, ರಜೆ ಮುಗಿದ ಕೂಡಲೇ ವಿಮಾನ ಹತ್ತಿದಳು. ಈಗ ಗಂಡನನ್ನು ಕಾಯಂ ಆಗಿ ಅಲ್ಲಿಗೆ ಕರೆಸಿಕೊಳ್ಳಲು ಪಿ.ಆರ್. ಅರ್ಜಿ ಹಾಕಬೇಕು. ಮದುವೆ ನಿಜವಾದದ್ದು, ಬರೀ ಕಾಗದಕ್ಕೆ ಆದದ್ದಲ್ಲ ಎಂದು ಅಲ್ಲಿನ ಅಧಿಕಾರಿಗೆ ನಂಬಿಕೆ ಬರಬೇಕು. ಬಾರದಿದ್ದರೆ ಇವನು ಇಲ್ಲೇ, ಅವಳು ಅಲ್ಲೇ.

ಪೇಟೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಮಾನಸ, ನಂದೀಶ ಸಾಕ್ಷಿಗೆಂದು ತಂದ ಫೋಟೋ ನೋಡಿ ತಲೆ ಎತ್ತಿದಳು.

“ಅಣ್ಣಾ, ಇದು ಮದುವೆದಾ, ತಿಥಿದಾ?”

“ಮದುವೆದೇ.”

“ಒಬ್ರೂ ನಕ್ಕಿಲ್ವಲ್ಲ.”

ನಗುವ ಮದುವೆ ಅದಾಗಿರಲಿಲ್ಲ. ನಿಶ್ಚಿತಾರ್ಥ ಮುಗಿದ ಮೇಲೆ ನಂದೀಶನ ಅವ್ವ ತೀರಿಕೊಂಡರು. ಸಾವಿನ ಮನೆಯಲ್ಲಿ ವರ್ಷದೊಳಗೆ ಮದುವೆ ಆಗಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂಬುದು ಅವರ ಕಡೆಯ ನಡಾವಳಿ. ಹಾಗಾಗಿ ನಾಲ್ಕನೇ ತಿಂಗಳಿಗೇ, ವಾಲಗವಿಲ್ಲ, ಚಪ್ಪರವಿಲ್ಲ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರು. ಯಾರೋ ಮೊಬೈಲ್ ಎತ್ತಿದಾಗ ಸೋದರತ್ತೆ ಹುಚ್ಚಮ್ಮ, “ಹಲ್ಲು ಬಿಡಬ್ಯಾಡಿ, ನೋಡಿದೋರು ಏನಂದಾರು” ಎಂದು ಗದರಿದ್ದರು. ಎಲ್ಲರೂ ಬಾಯಿ ಮುಚ್ಚಿ ನಿಂತರು.

“ನಗಿಸ್ಬಹುದು, ಈಗ ಎಲ್ಲಾ ಬಂದಿದೆ” ಎನ್ನುತ್ತಾ ಮಾನಸ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಫೋಟೋದಲ್ಲಿ ಎಲ್ಲರೂ ನಕ್ಕರು. ನಂದೀಶನೂ ನಗುತ್ತಿದ್ದ. ಯಾರದೋ ಮುಖ ನೋಡಿದಂತೆ ಅವನು ಅದನ್ನು ನೋಡಿದ. ಫೋನಿಗೆ ಹಾಕಿಸಿಕೊಂಡು ಮನೆಗೆ ಬಂದ.

ಹುಚ್ಚಮ್ಮ ಮೊದಲು ನೋಡಿದರು. “ಕೆಂಪಣ್ಣ, ನಿಂಗೆ ಮುಂದಿನ ಹಲ್ಲು ಯಾವಾಗ ಬಂತೋ?”

ಕೆಂಪಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಹಿಂದಕ್ಕೆ ಕೊಟ್ಟರು. “ನಿಮ್ಮವ್ವನ ಫೋಟೋಗಿನ್ನೂ ಹಾರ ಬಾಡಿರ್ನಿಲ್ಲ. ನಾನು ಹಿಂಗೆ ನಕ್ಕಿದ್ನೇನ್ಲಾ?”

ನಂದೀಶನಿಗೆ ಏನೂ ಅನ್ನಿಸಲಿಲ್ಲ. ಅವ್ವನನ್ನು ಮಣ್ಣಿಗಿಟ್ಟ ದಿನವೂ ಹೀಗೇ ಇತ್ತು, ತಾಳಿ ಕಟ್ಟಿದ ದಿನವೂ ಹೀಗೇ ಇತ್ತು. ಹೆಂಡತಿಗೆ ಫೋನು ಮಾಡಿ ನಗಿಸಿದ ಫೋಟೋದ ವಿಷಯ ಹೇಳಿದ.

“ಅದನ್ನ ಕಳಿಸ್ಬೇಡಿ ರೀ” ಎಂದಳು ತೇಜಸ್ವಿನಿ. “ಸುಳ್ಳು ಅಂತ ಸಿಕ್ಕಿಬಿದ್ರೆ ಐದು ವರ್ಷ ಅರ್ಜಿನೇ ಹಾಕೋ ಹಂಗಿಲ್ಲ.” ಆಮೇಲೆ ಕೇಳಿದಳು, “ಅವತ್ತು ತಾಳಿ ಕಟ್ಟೋವಾಗ ಏನನ್ಕೊಂಡ್ರಿ?”

“ಏನೂ ಅನ್ಕೊಳ್ಳಿಲ್ಲ.”

“ನಾನೂ ಅಷ್ಟೇ. ನಿಮ್ಮ ಕೈ ತಣ್ಣಗಿತ್ತು, ಅದೊಂದು ನೆನಪು.” ಮತ್ತೆ ಹೇಳಿದಳು, “ಇದ್ದಿದ್ದನ್ನ ಇದ್ದಂಗೇ ಬರ್ಸಿ. ನಾನೂ ಹಂಗೇ ಬರೀತೀನಿ.”

ಮರುದಿನ ನಂದೀಶ ಅವ್ವನ ಮರಣ ಪ್ರಮಾಣಪತ್ರ ಹಿಡಿದು ಮಾನಸಳ ಹತ್ತಿರ ಹೊರಟ. ಕರೆಯದೇ ಹುಚ್ಚಮ್ಮನೂ ಪಿಕಪ್ ಹತ್ತಿದರು. ಅವನು ಸಾವಿನ ತಾರೀಕು, ಮದುವೆಯ ತಾರೀಕು, ನಡುವಿನ ನಡಾವಳಿ, ಎಲ್ಲವನ್ನೂ ಬಾಡಿಗೆ ಲೋಡಿನ ಲೆಕ್ಕ ಒಪ್ಪಿಸುವ ದನಿಯಲ್ಲೇ ಹೇಳಿದ. ಮಾನಸ ಟೈಪ್ ಮಾಡಿದಳು. ಹುಚ್ಚಮ್ಮ ಕುರ್ಚಿಯ ತುದಿಯಲ್ಲಿ ಕುಳಿತು, “ನಂದೂ ಬರ್ಕೊ ತಾಯಿ. ನಗಬ್ಯಾಡಿ ಅಂದೋಳು ನಾನೇ. ಹುಡುಗ್ರುದೇನೂ ತಪ್ಪಿಲ್ಲ” ಎಂದರು. ಸಹಿ ಮಾಡುವಾಗ ಅವರ ಕಣ್ಣಲ್ಲಿ ನೀರಿತ್ತು. ನಂದೀಶ ಪೆನ್ನಿನ ಮುಚ್ಚಳ ಹಿಡಿದು ನಿಂತಿದ್ದ.

ನಗು ಇಲ್ಲದ ಫೋಟೋಗಳೇ ಅರ್ಜಿಯ ಜೊತೆ ಹೋದವು.

“ವರ್ಷ ಹಿಡೀಬಹುದು ಅಣ್ಣಾ, ಮೇಲೂ ಆಗ್ಬಹುದು” ಎಂದಳು ಮಾನಸ. “ಮಧ್ಯದಲ್ಲಿ ಇನ್ನೇನಾದ್ರೂ ಕೇಳಿದ್ರೂ ಕೇಳ್ಬಹುದು.”

ಮನೆಯಲ್ಲಿ ಕೆಂಪಣ್ಣ ಕೇಳಿದರು, “ನಂಬ್ತಾರೇನ್ಲಾ?”

“ಗೊತ್ತಿಲ್ಲಪ್ಪ.”

“ವರ್ಷ ಅಂದ್ರೆ ಒಂದು ಶುಂಠಿ ಬೆಳೆ. ಹಾಕಾನಾ?”

“ಹಾಕಾನ” ಎಂದು ನಂದೀಶ ಬಿತ್ತನೆ ಶುಂಠಿ ತರಲು ಪಿಕಪ್ ತಿರುಗಿಸಿದ.