ಮೂಲೆಗೆ ಬಂದರೆ ನಿಲ್ಲುವ ಗಾಡಿ

ನನ್ನ ಸೋದರಮಾವನಿಗೆ ನಮ್ಮ ಮನೆಯಲ್ಲಿ ಇಟ್ಟ ಹೆಸರು 'ಕಾಲು ಸುಟ್ಟ ಬೆಕ್ಕು'. ಊಟಕ್ಕೆ ಕೂತರೂ ಅವನ ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಅಂಥವನಿಗೆ ಸಿಕ್ಕಿದ್ದು ಮಾತ್ರ ಕೂತೇ ಮಾಡುವ ಕೆಲಸ. ನಮ್ಮ ಕಾಲೇಜಿನ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿಯನ್ನು ಅದರ ಮೇಲೆ ಕೂತು ಓಡಿಸುತ್ತಾನೆ.

ಮೈದಾನದ ಗೋಡೆಯಾಚೆಗೇ ಅವನ ಮನೆ. ಕಳೆದ ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಾವ ಮನೆಗೆ ಹೋಗುವ ತನಕ ಒದ್ದೆ ನೆಲದ ಮೇಲೇ ಬಿದ್ದಿದ್ದಳು. ಕೂಗಿದ್ದಳಂತೆ. ಗಾಡಿಯ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ. ಈಗ ವಾಕರ್ ಹಿಡಿದು ಅಡುಗೆಮನೆಯಲ್ಲಿ ಓಡಾಡುತ್ತಾಳೆ. ಯಾರಾದರೂ ಜೊತೆಗಿರುತ್ತೇವೆ ಎಂದರೆ "ನಾನೇನು ತೊಟ್ಟಿಲ ಮಗುನಾ?" ಎಂದು ಗದರುತ್ತಾಳೆ.

ಮಳೆ ನಿಂತು ಹುಲ್ಲು ಮೊಣಕಾಲೆತ್ತರ ಬೆಳೆದಾಗ ಗಾಡಿ ಕೈಕೊಟ್ಟಿತು. ಗೋಡೆಯ ಕಡೆಯ ಮೂಲೆಗೆ ಬಂದೊಡನೆ ಎಂಜಿನ್ ಫಕ್ಕನೆ ಆರಿಹೋಗುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಮೈದಾನದ ಉಳಿದ ಭಾಗದಲ್ಲೆಲ್ಲ ಸರಾಗ.

ಕ್ರೀಡಾಕೂಟ ಹತ್ತಿರವಾಗಿತ್ತು. ಕ್ರೀಡಾ ಮೇಷ್ಟ್ರು ಬಂದು ಅರ್ಧಂಬರ್ಧ ಕ್ಷೌರ ಮಾಡಿದ ತಲೆಯಂತಿದ್ದ ಮೈದಾನವನ್ನು ನೋಡಿದರು. "ನಾಡಿದ್ದರೊಳಗೆ ಮುಗೀದಿದ್ರೆ ಕೆಲಸ ಹೊರಗಿನವರಿಗೆ ಕೊಡ್ತೀವಿ. ನೀವು ಊರಾಚೆ ಹಾಸ್ಟೆಲ್ ಗೇಟಿಗೆ ಹೋಗಿ. ಅಲ್ಲಿ ಹೇಗೂ ಕಾವಲಿನವರಿಲ್ಲ."

ಹಾಸ್ಟೆಲ್ಲೆಂದರೆ ಎರಡು ಬಸ್ಸು ಬದಲಾಯಿಸುವ ದೂರ. ಮಾವ ಗಾಡಿಯ ಹೊಟ್ಟೆಯಡಿ ಅಂಟಿದ್ದ ಹಸಿ ಹುಲ್ಲನ್ನು ಕೆರೆದು ತೆಗೆದ. ಬ್ಲೇಡು ಬಿಚ್ಚಿ ಸಾಣೆ ಹಿಡಿದ. ಅದರ ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ, ಯಾವ ಕಡೆ ವಾಲುತ್ತದೆಂದು ನೋಡಿ, ಭಾರದ ಕಡೆಯನ್ನು ಮತ್ತಷ್ಟು ಉಜ್ಜಿದ. ಪೆಟ್ರೋಲಿನ ಫಿಲ್ಟರ್, ಪ್ಲಗ್ಗು, ಬ್ಯಾಟರಿಯ ತಂತಿ ಎಲ್ಲ ನೋಡಿಯಾಯಿತು. ಗಾಡಿ ಮಾತ್ರ ಅದೇ ಮೂಲೆಯಲ್ಲಿ ನಿಂತಿತು.

ಕೊನೆಗೆ ಮಾವ ತನ್ನ ಜೊತೆ ಶಾಲೆಗೆ ಹೋಗಿದ್ದ ಮೆಕ್ಯಾನಿಕ್ಕನನ್ನು ಕರೆಸಿದ. ಆತ ತಾನೇ ಹತ್ತಿ ಮೂರು ಸುತ್ತು ಹೊಡೆದ. ಗಾಡಿ ನಿಲ್ಲಲಿಲ್ಲ.

"ನನ್ನ ಕಂಡ್ರೆ ಇದಕ್ಕೆ ಆಗಲ್ಲ ಕಣೋ," ಎಂದ ಮಾವ.

"ನೀನು ಓಡ್ಸು. ನಾನು ನೋಡ್ತೀನಿ."

ಮೈದಾನದ ಮೆಟ್ಟಿಲ ಮೇಲೆ ಕೂತಿದ್ದ ನಾನೂ ನೋಡಿದೆ. ಮೂಲೆ ಬಂತು. ಮಾವನ ಕತ್ತು ಗೋಡೆಯ ಕಡೆ ತಿರುಗಿತು. ಎಂಜಿನ್ ಆರಿತು. ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೋ ಬೆಕ್ಕೇ! ಸುಟ್ಟಿರೋದು ನಿನ್ನ ಕಾಲಲ್ಲ, ಅಂಡು! ಸೀಟು ಬಿಟ್ಟು ಯಾಕೋ ಎದ್ದೆ?"

ಸೀಟಿನ ಕೆಳಗೊಂದು ಸ್ವಿಚ್ಚಿದೆ. ಬ್ಲೇಡು ತಿರುಗುವಾಗ ಕೂತವನ ಭಾರ ತಪ್ಪಿದರೆ, ಅವನು ಬಿದ್ದನೆಂದೇ ತಿಳಿದು ಎಂಜಿನ್ನನ್ನು ಆರಿಸಿಬಿಡುತ್ತದೆ. ಮಾವನಿಗೂ ಅದು ಗೊತ್ತಿದ್ದದ್ದೇ. ತಾನು ಏಳುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ. ಆ ಮೂಲೆಯಲ್ಲಿ ಅಷ್ಟು ಎದ್ದರೆ ಮಾತ್ರ ಗೋಡೆಯ ಮೇಲಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ.

"ಸ್ವಿಚ್ಚು ಕೆಲಸ ಮಾಡದ ಹಾಗೆ ಒಂದು ತಂತಿ ಕಟ್ಟಿಬಿಡೋ," ಎಂದ ಮಾವ, ಅವನ ಮುಖ ನೋಡದೆ.

"ಕಟ್ಟಲ್ಲ. ನೀನು ಬ್ಲೇಡಿಗೆ ಸಿಕ್ಕಿದ್ರೆ ಅವಳಿಗ್ಯಾರೋ ದಿಕ್ಕು? ನೋಡ್ಲೇಬೇಕು ಅಂದ್ರೆ ಬ್ಲೇಡು ನಿಲ್ಲಿಸು, ಬ್ರೇಕ್ ಹಾಕು, ಆಮೇಲೆ ಏಳು. ಎಂಜಿನ್ ಆರಲ್ಲ."

ಬೇರೆ ಯಾರಾದರೂ ಹೇಳುವ ಮೊದಲು ತಾನೇ ಹೇಳಿಬಿಡೋಣ ಎಂದುಕೊಂಡು ಮಾವ ಮನೆಯಲ್ಲಿ ಬಾಯಿಬಿಟ್ಟ. ಅತ್ತೆ ನಗಲಿಲ್ಲ.

"ಅಂದ್ರೆ ದಿನವಿಡೀ ನನ್ನ ಕಾಯ್ತಾ ಇದ್ರಾ? ನಾನು ಪಾತ್ರೆ ತೊಳೆಯೋದು, ಕೂರೋದು, ಏಳೋದು, ಎಲ್ಲ?"

"ಕಾಯೋದಲ್ಲ ಕಣೇ. ಸುಮ್ನೆ…"

"ಸುಮ್ನೆ ಏನು ರೀ? ಬಿದ್ರೆ ಏಳ್ತೀನಿ. ನೀವು ಕೂತ್ಕೊಳ್ಳೋದು ಕಲೀರಿ ಮೊದ್ಲು."

ಮಾರನೆಯ ದಿನ ಮಾವ ಮೂಲೆಗೆ ಬಂದು ಬ್ಲೇಡು ನಿಲ್ಲಿಸಿದ, ಬ್ರೇಕ್ ಹಾಕಿದ, ಎದ್ದು ನಿಂತ. ಕಿಟಕಿ ಮುಚ್ಚಿತ್ತು. ಕೂತು, ಒಂದು ಸುತ್ತು ಹಾಕಿ, ಮತ್ತೆ ನಿಲ್ಲಿಸಿ ಎದ್ದ. ಆಗಲೂ ಮುಚ್ಚಿತ್ತು. ಇಳಿದು ಗೋಡೆಯ ಕಡೆ ಹೊರಟವನು ಅರ್ಧಕ್ಕೇ ತಿರುಗಿ ಬಂದ. ದೂರದಲ್ಲಿ ಮೇಷ್ಟ್ರು ಓಟದ ಪಟ್ಟೆಗೆ ಸುಣ್ಣ ತರಿಸುತ್ತಿದ್ದರು. ನಾನು ತರಗತಿ ಬಿಟ್ಟು ಕೂತೇ ಇದ್ದೆ. ಹೋಗಿ ಅತ್ತೆಯನ್ನು ನೋಡಿಕೊಂಡು ಬರಲೇ ಎಂದು ಕೇಳಬಹುದಿತ್ತು. ಅವನ ದವಡೆ ಬಿಗಿದಿದ್ದು ನೋಡಿ ಕೇಳಲಿಲ್ಲ.

ಮುಂದಿನ ಸುತ್ತಿನಲ್ಲಿ ಮೂಲೆ ಬಂತು. ಅವನ ಬೆನ್ನು ಸೆಟೆಯಿತು, ಎರಡು ಕೈಯೂ ಸ್ಟಿಯರಿಂಗನ್ನು ಅಮುಕಿ ಹಿಡಿದವು. ಗಾಡಿ ನಿಲ್ಲದೆ ತಿರುಗಿತು. ಆ ತಿರುವಿನಲ್ಲಿ ಹುಲ್ಲು ಸ್ವಲ್ಪ ಸೊಟ್ಟಗೆ ಕತ್ತರಿಸಿಹೋಯಿತು. ಆಮೇಲಿನ ಸುತ್ತುಗಳಲ್ಲಿ ಅದೂ ಸರಿಹೋಯಿತು. ಹೊತ್ತು ಇಳಿಯುವ ಮೊದಲೇ ಇಡೀ ಮೈದಾನ ಮುಗಿದಿತ್ತು. ಮೇಷ್ಟ್ರು ದೂರದಿಂದಲೇ ತಲೆಯಾಡಿಸಿ ಹೋದರು.

ಕೀಲಿ ತೆಗೆದದ್ದೇ ತಡ, ಮಾವ ಮನೆಯ ಕಡೆ ಓಡಿದಂತೆ ನಡೆದ. ನಾನೂ ಹಿಂದೆ ಹೋದೆ. ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಮುಗೀತಾ?"

"ಮುಗೀತು. ಹಾಸ್ಟೆಲ್ ಇಲ್ಲ."

"ಗೊತ್ತಾಯ್ತು. ಮೊದ್ಲು ಬ್ಲೇಡಿನ ಸದ್ದು ನಿಂತು ನಿಂತು ಹೋಗ್ತಿತ್ತು, ಆಮೇಲೆ ನಿಲ್ಲಲೇ ಇಲ್ಲ." ಅವಳು ಇನ್ನೊಂದು ಬೀನ್ಸ್ ಮುರಿದಳು. "ಒಂದು ಸಲನೂ ನಿಲ್ದೇ ಹೋದಾಗ ನನಗೇ ಒಂಥರಾ ಆಯ್ತು. ಎದ್ದು ಹೋಗಿ ಕಿಟಕಿ ತೆಗ್ದೆ. ಕೈನೂ ಬೀಸಿದೆ. ನೀವು ನೋಡ್ಲೇ ಇಲ್ವಲ್ಲ ರೀ."

ಮಾವ ಬಾಗಿಲಲ್ಲೇ ನಿಂತಿದ್ದ. ಪ್ಯಾಂಟಿಗೆ ಅಂಟಿದ ಹುಲ್ಲನ್ನು ಒಂದೊಂದೇ ಕಿತ್ತ. ಕೂತ, ಎದ್ದ, ಮತ್ತೆ ಅವಳ ಪಕ್ಕದಲ್ಲೇ ಕೂತು ಬೀನ್ಸಿಗೆ ಕೈಹಾಕಿದ.