ತಿರುಗಿಸಿ ನೋಡುವ ಮೇಡಂ

ಮೊನೆ ಮುಕ್ಕಾದ ಸೂಜಿ ಎಲ್ಲಿ ತಡವಿದರೂ ತನ್ನ ಮುಖವನ್ನೇ ತೋರಿಸುತ್ತದೆ. ಅಣುವಿನಷ್ಟು ಉಬ್ಬುತಗ್ಗನ್ನೂ ಸೂಜಿಯಿಂದ ತಡವಿ ಚಿತ್ರ ಬರೆಯುವ ಸೂಕ್ಷ್ಮದರ್ಶಕದ ಪ್ರಯೋಗಾಲಯ ನಡೆಸುವ ಮೇಡಂ ಇದನ್ನು ಮರೆಯುವವರಲ್ಲ. ಯಾರಾದರೂ “ಮೇಡಂ, ಜೋಡಿಗುಡ್ಡ ಸಿಕ್ತು!” ಎಂದು ಕುಣಿಯುತ್ತ ಬಂದರೆ, “ಮೊದ್ಲು ಮಾದರೀನ ತಿರುಗ್ಸಪ್ಪಾ, ಆಮೇಲೆ ಕುಣಿ” ಎನ್ನುತ್ತಾರೆ. ಸೂಜಿಯ ಕೆಳಗಿಟ್ಟ ಮಾದರಿಯ ಜೊತೆ ಚಿತ್ರದ ಗುಡ್ಡವೂ ತಿರುಗಿದರೆ ನಿಜ. ತಿರುಗದಿದ್ದರೆ ಅದು ಸೂಜಿಯ ಮುಕ್ಕು; ಒಡೆದ ಮೊನೆ ಒಂದೇ ಉಬ್ಬನ್ನು ಎರಡಾಗಿ ಬರೆದಿರುತ್ತದೆ. ಮನೆಯಲ್ಲಿ ತೂಕದ ಯಂತ್ರ ಹತ್ತಿದರೂ ಅತ್ತ ತಿರುಗಿ ಇನ್ನೊಮ್ಮೆ ನಿಲ್ಲುತ್ತಾರೆ. “ತಿರುಗಿ ನಿಂತ್ರೆ ತೂಕ ಇಳಿಯತ್ತೇನೆ?” ಎಂದು ಗಂಡ ಛೇಡಿಸುತ್ತಾರೆ. ಕಳೆದ ವಾರ, ದೊಡ್ಡ ಪ್ರಶಸ್ತಿಗೆ ಆಯ್ಕೆಯಾಗಿದ್ದ ಅವರದೇ ಜೋಡಿಗುಡ್ಡ, ಮಾದರಿ ತಿರುಗಿಸಿ ನೋಡಿದಾಗ, ತಿರುಗಲಿಲ್ಲ. ಮೇಡಂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಸೂಜಿ ಬದಲಿಸಿದರು, ಪ್ರಶಸ್ತಿ ಬೇಡವೆಂದು ತಾವೇ ಫೋನ್ ಮಾಡಿದರು. ಊರವರನ್ನೆಲ್ಲ ಅಳೆದು ತೀರ್ಪು ಕೊಡುವ ಸ್ವಾಮಿ, ಮೊದಲು ನಿಮ್ಮ ಸೂಜಿ ನೋಡಿಕೊಳ್ಳಿ.